ಜೇಬು ತೋರಿಸುವ ಹೊತ್ತು

ಮಾವನ ಚಿನ್ನದ ಕನ್ನಡಕ ಯಾರದೋ ಬಾಯೊಳಗೆ ದವಡೆ ಹಲ್ಲಾಗಿ ಕೂರುವುದನ್ನು ನೆನೆಸಿಕೊಂಡಾಗಲೆಲ್ಲ ದೊಡ್ಡಳಿಯನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು.

ಅದೇನು ಸಾಮಾನ್ಯ ಕನ್ನಡಕವೇ? ಮಾವ ಅಂಗಡಿ ಶುರು ಮಾಡಿದ ಕಾಲದಲ್ಲಿ ತಾವೇ ಕೂತು ಮಾಡಿಕೊಂಡದ್ದು. ತೆಳ್ಳಗಿನ ಕಡ್ಡಿ, ಕಿವಿಯ ಹಿಂದೆ ಸುರುಳಿ ಸುತ್ತಿಕೊಳ್ಳುವ ತುದಿ, ಮೂಗಿನ ಮೇಲೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಅದರ ಕೀಲನ್ನು ಮಡಿಸಿ ಬಿಚ್ಚಿದರೆ ಸದ್ದೇ ಬರುತ್ತಿರಲಿಲ್ಲ. ದಿನವಿಡೀ ಪ್ಲಾಸ್ಟಿಕ್ ಫ್ರೇಮುಗಳನ್ನು ಬಿಸಿ ಮಾಡಿ ಬಗ್ಗಿಸುತ್ತ ಕೂರುವ ದೊಡ್ಡಳಿಯ ಆ ಕೀಲನ್ನು ಕನಸಿನಲ್ಲೂ ಕಾಣುತ್ತಿದ್ದ. "ನನ್ನ ಕುರ್ಚಿಯಲ್ಲಿ ಕೂರೋರಿಗೇ ಇದು" ಎಂದು ಮಾವ ಒಮ್ಮೆ ಹೇಳಿದ್ದರು. ಕೇಳಿಸಿಕೊಂಡವನು ಅವನೊಬ್ಬನೇ. ಮಾವ ಹೋದರು, ಕುರ್ಚಿ ಬಂತು, ಅಂಗಡಿಯ ಬೀಗದ ಕೈಯೂ ಬಂತು. ಕನ್ನಡಕ ಮಾತ್ರ ಒಂದು ಡಬ್ಬಿ ಸೇರಿ ಅತ್ತೆಯ ದಿಂಬಿನ ಕೆಳಗೆ ಹೋಗಿ ಕೂತಿತು. ಕೇಳಿದಾಗ ಅತ್ತೆ "ನೋಡೋಣ" ಅಂದರು. ಆ ನೋಡೋಣಕ್ಕೆ ಎಷ್ಟೋ ವರ್ಷವಾಗಿತ್ತು.

ಅಷ್ಟರಲ್ಲಿ ಅತ್ತೆಗೆ ಮರೆವು ಶುರುವಾಯಿತು. ಮೊದಮೊದಲು ಹೆಸರು ಮರೆತರು, ಆಮೇಲೆ ಒಲೆ ಆರಿಸುವುದು ಮರೆತರು, ಆಮೇಲೆ ತಮ್ಮ ಮನೆ ಯಾವುದು ಅನ್ನುವುದೇ ಮರೆತು ಬೀದಿಯ ಕೊನೆಯಲ್ಲಿ ನಿಂತುಬಿಟ್ಟರು. ಚಿಕ್ಕ ಮಗಳು ಬಂದು, ದಿಂಬು ಡಬ್ಬಿ ಸಮೇತ, ತನ್ನ ಮನೆಗೆ ಕರಕೊಂಡು ಹೋದಳು. ಅವಳ ಗಂಡ, ಅಂದರೆ ದೊಡ್ಡಳಿಯನ ಷಡ್ಡಕ, ಹಲ್ಲಿನ ಡಾಕ್ಟರು. ಸದಾ ನಗುತ್ತಿರುವ ಆಸಾಮಿ. ತನ್ನ ಹಲ್ಲೇ ತನ್ನ ಜಾಹೀರಾತು ಎಂದುಕೊಂಡಿದ್ದನೋ ಏನೋ. ಒಂದು ಭಾನುವಾರ ಊಟವಾದ ಮೇಲೆ ಅವನು ಆ ಕನ್ನಡಕವನ್ನು ಅಂಗೈಯಲ್ಲಿ ತೂಗಿ ನೋಡಿ, "ಭಾವ, ಇದರಲ್ಲಿ ಆರಾಮಾಗಿ ಎರಡು ದವಡೆ ಹಲ್ಲು ಆಗತ್ತೆ" ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಳಿಯ ನಗಲಿಲ್ಲ. ಅವನು ಯಾವುದಕ್ಕೂ ನಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಮನೆಮಂದಿ ಹಿಂದಿನಿಂದ ಅವನನ್ನು ಗಂಟುಮೋರೆ ಎನ್ನುತ್ತಿದ್ದರು, ಅದು ಅವನಿಗೆ ಗೊತ್ತಿತ್ತು.

ಕೊನೆಯ ಏಟು ಕೊಟ್ಟವಳು ಸ್ವಂತ ಹೆಂಡತಿ. "ಈ ಭಾನುವಾರ ಸಂಜೆ ಅಮ್ಮನ ಸಾಮಾನೆಲ್ಲ ನಾನೂ ಚಿಕ್ಕವಳೂ ಸೇರಿ ವಿಂಗಡಿಸ್ತೀವಿ. ಅಪ್ಪನ ಕನ್ನಡಕ ಚಿಕ್ಕವಳ ಮನೆಯಲ್ಲೇ ಇರಲಿ ಅಂತಿದೀನಿ ಕಣ್ರೀ. ಅಮ್ಮನ್ನ ನೋಡಿಕೊಳ್ತಿರೋರು ಅವರು ತಾನೇ?" ಅಂದಳು. ನ್ಯಾಯವಾದ ಮಾತು. ನ್ಯಾಯವಾದದ್ದರಿಂದಲೇ ಇನ್ನೂ ಜಾಸ್ತಿ ಉರಿಯಿತು. ಅವನು ಸುಮ್ಮನೆ ಹೂಂ ಅಂದ. ಹೂಂ ಅಂದ ಆ ಗಳಿಗೆಯಲ್ಲೇ ಕದಿಯುವುದೆಂದು ತೀರ್ಮಾನಿಸಿಬಿಟ್ಟ.

ತೀರ್ಮಾನ ಮಾಡಿದ ಮೇಲೆ ಅವನಿಗಾದ ಹಗುರ ಹೇಳತೀರದು. ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುತ್ತ ಮಾಡುತ್ತ ಅವನ ಯೋಜನೆ ತಾನಾಗಿ ಬೆಳೆಯಿತು. "ಇದು ಚೆನ್ನಾಗಿದೆಯಾ? ಇದಾ?" ಎಂದು ಗಾಜು ಬದಲಿಸುತ್ತ ಕೇಳುತ್ತಿದ್ದವನು ಒಳಗೊಳಗೇ, ಎಲ್ಲವೂ ಚೆನ್ನಾಗಿದೆ ಕಣಯ್ಯ, ಎಲ್ಲವೂ ನಿಚ್ಚಳವಾಗಿದೆ ಎಂದು ಕುಣಿಯುತ್ತಿದ್ದ. ಒಬ್ಬ ಮುದುಕರಿಗೆ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿ ಕಳಿಸಿ, ಆಮೇಲೆ ಓಡಿಹೋಗಿ ಬೀದಿಯಲ್ಲಿ ಹಿಡಿದು ತರಬೇಕಾಯಿತು.

ಯೋಜನೆಯ ಸೊಗಸಿರುವುದು ಇಲ್ಲಿ. ಲೋಕದಲ್ಲಿ ಕಳ್ಳತನ ಮಾಡಿದವರೆಲ್ಲ ಹೆದರುವುದು ಒಂದೇ ವಿಷಯಕ್ಕೆ: ಕಳಕೊಂಡವರು ಬೊಬ್ಬೆ ಹಾಕುತ್ತಾರೆ ಎಂದು. ಇಲ್ಲಿ ಕಳಕೊಳ್ಳುವವರು ದಿನಾ ಬೊಬ್ಬೆ ಹಾಕುತ್ತಿದ್ದರು! ಸಂಜೆಯಾದರೆ ಸಾಕು, ಅತ್ತೆಗೆ ಮನೆ ತುಂಬ ಕಳ್ಳರು. ಬಾಚಣಿಗೆ ಕದ್ದರು, ಬೀಗದ ಕೈ ಕದ್ದರು, ಮೂಗಿನ ಮೇಲಿರುವ ಕನ್ನಡಕವನ್ನೇ ಕದ್ದರು. ಒಂದು ಸಲ ಅಂತೂ ಬಾತ್‌ರೂಮನ್ನೇ ಕದ್ದುಕೊಂಡು ಹೋಗಿದ್ದಾರೆ ಎಂದು ಅತ್ತರು. ಅವರ ಸಾಮಾನುಗಳೋ, ಇರಬೇಕಾದ ಜಾಗದಲ್ಲಿ ಸಿಗುತ್ತಲೇ ಇರಲಿಲ್ಲ. ಟೀವಿಯ ರಿಮೋಟು ಫ್ರಿಜ್ಜಿನಲ್ಲಿ, ಬಾಚಣಿಗೆ ಬೂಟಿನಲ್ಲಿ, ಚಿಕ್ಕ ಮಗಳ ಕೈಗಡಿಯಾರ ಸಕ್ಕರೆ ಡಬ್ಬಿಯಲ್ಲಿ. ಹೀಗಿರುವಾಗ ಒಂದು ಕನ್ನಡಕ ಕಾಣೆಯಾದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? "ಅಮ್ಮ ಎಲ್ಲೋ ಇಟ್ಟುಬಿಟ್ಟಿದ್ದಾರೆ ಪಾಪ" ಎಂದು ಹುಡುಕುತ್ತಾರೆ, ಕಸದ ಜೊತೆ ಹೋಗಿರಬೇಕು ಎಂದು ಕೈಚೆಲ್ಲುತ್ತಾರೆ. ಅತ್ತೆಯೇ ಎದುರು ನಿಂತು ದೊಡ್ಡಳಿಯನ ಮೂಗಿನತ್ತ ಬೆರಳು ತೋರಿಸಿ ಇವನೇ ಕದ್ದವನು ಎಂದರೂ, ಉಳಿದವರು ಅವನ ಹೆಗಲ ಮೇಲೆ ಕೈಯಿಟ್ಟು, ಬೇಜಾರು ಮಾಡ್ಕೋಬೇಡಿ ಅನ್ನುತ್ತಾರೆ. ಅತ್ತೆಯ ಮಾತಿಗೆ ಬೆಲೆಯಿಲ್ಲ. ಅದೇ ಅವನ ಯೋಜನೆಯ ತಳಪಾಯ.

ಪೊಲೀಸರ ಭಯ ಅವನಿಗೆ ಇರಲೇ ಇಲ್ಲ. ಭಯವೇನಿದ್ದರೂ ಹೆಂಡತಿಯದು. ಇಷ್ಟು ವರ್ಷ ಅವಳು ಅವನ ಬಗ್ಗೆ ನೂರು ದೂರು ಹೇಳಿದ್ದಳು: ನಗಲ್ಲ, ಮಾತಾಡಲ್ಲ, ಮದುವೆ ಮನೆಯಲ್ಲೂ ಎದುರಿಗೆ ಸಿಕ್ಕವರ ಫ್ರೇಮು ನೋಡ್ತಾರೆ ಹೊರತು ಮುಖ ನೋಡಲ್ಲ. ಆದರೆ ಎಲ್ಲ ದೂರಿನ ಕೊನೆಗೆ, "ಮನುಷ್ಯ ಮಾತ್ರ ನಿಯತ್ತಿನೋರು" ಎಂದು ಸೇರಿಸುತ್ತಿದ್ದಳು. ಆ ಒಂದು ಮಾತಿನ ಮೇಲೆ ಅವನ ಸಂಸಾರ ನಿಂತಿತ್ತು. ಅದು ಹೋದರೆ ಚಿನ್ನದ ಕನ್ನಡಕ ಹಾಕಿಕೊಂಡು ನೋಡುವುದಕ್ಕೆ ಏನೂ ಉಳಿಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದ್ದರಿಂದ ಸಿಕ್ಕಿಬೀಳಬಾರದು, ಅಷ್ಟೇ.

ಅಡ್ಡಿಯಿದ್ದದ್ದು ಒಂದೇ: ಜೇಬಿನ ಆಟ. ಅದನ್ನು ಮನೆಗೆ ತಂದವಳು ಮರೆವಿನ ಕ್ಲಿನಿಕ್ಕಿನ ನರ್ಸು. ಅವಳು ಒಂದು ದಿನ ಮನೆಗೇ ಬಂದು ಎಲ್ಲರನ್ನೂ ಕೂರಿಸಿಕೊಂಡು ಪಾಠ ಮಾಡಿದ್ದಳು. "ಅವರು ಕಳ್ಳರು ಅಂದಾಗ ಇಲ್ಲ ಅನ್ನಬೇಡಿ. ವಸ್ತು ಎಲ್ಲಿಟ್ಟೆ ಅನ್ನೋದು ಅವರಿಗೆ ನೆನಪಿಲ್ಲ, ಇಟ್ಟಿದ್ದು ನಾನೇ ಅನ್ನೋದೂ ನೆನಪಿಲ್ಲ. ಅಂದ್ಮೇಲೆ ಅವರ ಪಾಲಿಗೆ ಉಳಿಯೋದು ಕಳ್ಳರೇ ಅಲ್ವಾ? ವಾದ ಮಾಡಬೇಡಿ. ಜೊತೆಗೆ ನಿಂತು ಹುಡುಕಿ" ಅಂದಳು. ಅದನ್ನು ಕೇಳಿ ಷಡ್ಡಕ ಮಹಾಶಯ ಅವತ್ತು ಸಂಜೆಯೇ ಅತ್ತೆಯ ಮುಂದೆ ನಿಂತು, "ತಗೊಳ್ಳಿ ಅತ್ತೆ, ನನ್ನಿಂದಲೇ ಶುರು ಮಾಡಿ" ಎಂದು ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿದ. ಜೇಬು ನಾಲಿಗೆಯಂತೆ ನೇತಾಡಿದ್ದನ್ನು ನೋಡಿ ಅತ್ತೆ ನಕ್ಕುಬಿಟ್ಟರಂತೆ. ಅವತ್ತಿನಿಂದ ಅದೇ ಪದ್ಧತಿ. ಕೂಗು ಬಿದ್ದ ಕೂಡಲೇ ಮನೆಯಲ್ಲಿದ್ದವರೆಲ್ಲ, ಬಂದ ನೆಂಟರೂ ಸೇರಿ, ಸಾಲಾಗಿ ನಿಂತು ಜೇಬು, ಚೀಲ, ಪರ್ಸು ಎಲ್ಲ ಕೊಡವಿ ತೋರಿಸಬೇಕು. ಅತ್ತೆ ಕೋಲೂರಿಕೊಂಡು ಒಬ್ಬೊಬ್ಬರನ್ನೇ ತಪಾಸಣೆ ಮಾಡುತ್ತಾರೆ. ಸಾಲು ಮುಗಿಯುವ ಹೊತ್ತಿಗೆ ಏನು ಕಳೆದಿತ್ತು ಅನ್ನುವುದೇ ಮರೆತು, ಬಿಸಿ ಹಾಲು ಕುಡಿದು, ತಣ್ಣಗೆ ಕೂರುತ್ತಾರೆ.

ದೊಡ್ಡಳಿಯ ಆ ಸಾಲಿನಲ್ಲಿ ಒಮ್ಮೆಯೂ ನಿಂತವನಲ್ಲ. ಸಂಜೆ ಅವನಿಗೆ ಅಂಗಡಿಯಲ್ಲಿ ಗಿರಾಕಿಗಳ ಹೊತ್ತು. ಭಾನುವಾರಗಳಲ್ಲೂ ಊಟ ಮುಗಿಸಿ, ಅತ್ತೆಯ ಕನ್ನಡಕದ ಸ್ಕ್ರೂ ಬಿಗಿ ಮಾಡಿಕೊಟ್ಟು, ಬಿಸಿಲಿರುವಾಗಲೇ ಹೊರಟುಬಿಡುತ್ತಿದ್ದ. ನರ್ಸಿನ ಪಾಠವನ್ನೂ ಅವನು ಅರ್ಧಂಬರ್ಧ ಕೇಳಿದ್ದ, ಯಾಕೆಂದರೆ ಅವಳ ಕನ್ನಡಕದ ಎಡಗಡೆಯ ಕಡ್ಡಿ ಸಡಿಲವಾಗಿ ಮಾತಿಗೊಮ್ಮೆ ಮೂಗಿನಿಂದ ಜಾರುತ್ತಿತ್ತು. ಅದನ್ನು ಹಿಡಿದು ಬಿಗಿ ಮಾಡಬೇಕೆಂದು ಅವನ ಬೆರಳುಗಳು ತುರಿಸುತ್ತಿದ್ದವು. ಕೊನೆಗೆ ಅವಳು ಬೆಳಕು, ನೆರಳು ಅಂತೆಲ್ಲ ಶುರು ಮಾಡಿದಾಗಲಂತೂ ಅವನು ಎದ್ದು ನೀರು ಕುಡಿಯಲು ಹೋದ. ಬೆಳಕಿನ ವಿಷಯ ಕನ್ನಡಕದವನಿಗೆ ಹೇಳಿಕೊಡೋದಾ! ಒಳ್ಳೇ ಕತೆಯಾಯ್ತು.

ಹೀಗಾಗಿ ಲೆಕ್ಕ ಸುಲಭವಾಗಿತ್ತು. ಸಂಜೆಗೆ ಮುಂಚೆ ಕೆಲಸ ಮುಗಿಸಬೇಕು, ಸಂಜೆಗೆ ಮುಂಚೆ ಮನೆಯಿಂದ ಹೊರಬೀಳಬೇಕು. ಸಂಜೆ ಅತ್ತೆ ಕೂಗಿದಾಗ ಸಾಲಿನಲ್ಲಿ ನಿಂತವರ ಜೇಬೆಲ್ಲ ಖಾಲಿ. ಆಮೇಲೆ ಅಕ್ಕತಂಗಿಯರು ಸಾಮಾನು ವಿಂಗಡಿಸುವಾಗ ಡಬ್ಬಿಯೂ ಖಾಲಿ. ದೊಡ್ಡಳಿಯ ಆಗ ತನ್ನ ಮನೆಯಲ್ಲಿ ಕಾಲು ಚಾಚಿ ಮಲಗಿರುತ್ತಾನೆ.

ಭಾನುವಾರ ಬಂತು. ದೊಡ್ಡಳಿಯ ಒಳಜೇಬಿರುವ ಕೋಟು ಹಾಕಿಕೊಂಡ. "ಊಟಕ್ಕೆ ಹೋಗ್ತಿದೀವೋ, ಮದುವೆಗೋ?" ಎಂದು ಹೆಂಡತಿ ಕಿಚಾಯಿಸಿದಳು. ಅವನಿಗೆ ನಗು ಬರುವಂತಾಯಿತು. ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡ.

ಊಟವಾಯಿತು. ಎಲ್ಲವೂ ಅವನು ಅಂದುಕೊಂಡಂತೆಯೇ ನಡೆಯುತ್ತಿತ್ತು. ಷಡ್ಡಕ ಅಂಗಿಯ ತೋಳು ಮಡಚಿ ಪಾತ್ರೆ ತೊಳೆಯಲು ನಿಂತ. ಒಂದೊಂದು ಲೋಟವನ್ನೂ ಬಾಯಿ ತೆರೆದ ರೋಗಿಯೆಂಬಂತೆ ಒಳಗೆ ಇಣುಕಿ ನೋಡಿ ಉಜ್ಜುತ್ತಿದ್ದ. ಅಕ್ಕತಂಗಿಯರು ಹಜಾರದಲ್ಲಿ ಬಟ್ಟೆ ಮಡಚುತ್ತ ಹರಟೆಗೆ ಕೂತರು. ಅತ್ತೆ ತಮ್ಮ ಕೋಣೆಯ ಆರಾಮಕುರ್ಚಿಯಲ್ಲಿ ತೂಕಡಿಸುತ್ತಿದ್ದರು. "ಅತ್ತೆಯ ಕನ್ನಡಕ ಸ್ವಲ್ಪ ನೋಡ್ತೀನಿ" ಎಂದು ದೊಡ್ಡಳಿಯ ಪುಟ್ಟ ಸ್ಕ್ರೂಡ್ರೈವರು ತೋರಿಸಿ ಒಳಗೆ ಹೋದ. ಯಾರೂ ತಲೆಯೆತ್ತಲೂ ಇಲ್ಲ.

ಕೋಣೆಯ ಕಿಟಕಿ ಓಣಿಗೆ ತೆರೆದಿತ್ತು. ಎದುರು ಮನೆಯ ಮಹಡಿಯಲ್ಲಿ ಒಬ್ಬ ದರ್ಜಿ ಕೂತು ಹೊಲಿಯುತ್ತಿದ್ದ. ಅವನಿಗೆ ಹೊಲಿಗೆಗಿಂತ ಓಣಿಯವರ ಸಮಾಚಾರ ಹೆಚ್ಚು. ಅವನ ಕಣ್ಣಿಗೂ ಉಪಾಯ ಮಾಡಿಟ್ಟಿದ್ದ ದೊಡ್ಡಳಿಯ: ಪರದೆ. ಒಳ್ಳೆ ದಪ್ಪನೆಯ ಪರದೆ ಎರಡೂ ಬದಿಗಿತ್ತು, ಆದರೆ ಯಾರೋ ಪುಣ್ಯಾತ್ಮರು ಅದನ್ನು ದಾರದಿಂದ ಬಿಗಿದು ಎರಡೆರಡು ಗಂಟು ಹಾಕಿದ್ದರು. ಸ್ಕ್ರೂಡ್ರೈವರಿನ ತುದಿಯಿಂದ ಗಂಟು ಬಿಚ್ಚಿದ. ಸದ್ದಾಗದಂತೆ ಪರದೆ ಎಳೆದ. ಮೂಲೆಯಲ್ಲಿ ಹಾಡುಹಗಲೇ ಒಂದು ದೀಪ ಉರಿಯುತ್ತಿತ್ತು. ದಂಡದ ಖರ್ಚು ಎಂದು ಅದನ್ನೂ ಆರಿಸಿದ. ದಿಂಬಿನ ಕೆಳಗೆ ಕೈ ಹಾಕಿದ. ಮನೆಯ ಸಾಮಾನೆಲ್ಲ ಜಾಗ ಬದಲಿಸಿದರೂ ಆ ಡಬ್ಬಿ ಮಾತ್ರ ಅಲ್ಲೇ ಇತ್ತು. ಮುಚ್ಚಳ ತೆಗೆದ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅದೂ ಒಂಥರಾ ಮಜವಾಗಿಯೇ ಇತ್ತು.

ನೇರವಾಗಿ ಜೇಬಿಗಿಳಿಸಿ ಹೊರಡಬೇಕು ಎನ್ನುವುದು ಯೋಜನೆ. ಆದರೆ ಇಷ್ಟು ವರ್ಷ ಕಾದವನಿಗೆ ಒಂದೇ ಒಂದು ಸಲ ಹಾಕಿಕೊಂಡು ನೋಡುವ ಆಸೆ. ಹಾಕಿಕೊಂಡ. ಅಬ್ಬಾ! ಅವನ ಮೂಗಿಗೇ ಅಳತೆ ತೆಗೆದು ಮಾಡಿದ ಹಾಗಿತ್ತು.

"ಬಂದ್ರಾ?" ಎಂದಿತು ಒಂದು ದನಿ.

ಅತ್ತೆ ಕಣ್ಣು ಬಿಟ್ಟು ಅವನನ್ನೇ ನೋಡುತ್ತಿದ್ದರು. ದೊಡ್ಡಳಿಯ ಕಲ್ಲಾದ. ಆದರೆ ಆ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿಯೂ ಇರಲಿಲ್ಲ. ಅವನು ಯಾವತ್ತೂ ನೋಡಿರದ ಒಂದು ಸಂಕೋಚದ ನಗುವಿತ್ತು.

"ಅಂಗಡಿ ಮುಚ್ಚಿ ಬಂದ್ರಾ? ಇವತ್ತು ಹೊತ್ತಾಯ್ತಲ್ಲ" ಅಂದರು. ತೀರಿಹೋದ ಯಜಮಾನರ ಜೊತೆ ಮಾತಾಡುವ ದನಿ ಅದು. ಭಾನುವಾರ ಮಟಮಟ ಮಧ್ಯಾಹ್ನ ಎಲ್ಲಿಯ ಅಂಗಡಿ, ಎಲ್ಲಿಯ ಹೊತ್ತು! ಮರೆವಿನ ಮಹಿಮೆ ಎಂದುಕೊಂಡು ದೊಡ್ಡಳಿಯ ಹೂಂ ಅಂದ. ಹೂಂ ಅನ್ನುವುದು ಅವನಿಗೆ ಅಭ್ಯಾಸವಾಗಿತ್ತು.

"ಆ ಕನ್ನಡಕ ದೊಡ್ಡ ಅಳಿಯಂದಿರಿಗೇ ಅಂತ ತೆಗೆದಿಟ್ಟಿದೀನಿ ಕಣ್ರೀ" ಅಂದರು ಅತ್ತೆ, ಗುಟ್ಟು ಹೇಳುವಂತೆ. "ನೀವೇ ಹೇಳಿದ್ರಲ್ಲ, ಅವರು ಅಂಗಡಿಗೆ ಬಂದ ಹೊಸತರಲ್ಲಿ ಯಾರದೋ ಕನ್ನಡಕದ ಒಂದು ಸ್ಕ್ರೂ ಬಿದ್ದುಹೋಯ್ತು ಅಂತ ಅಂಗಡಿ ನೆಲದ ಮೇಲೆ ಬೋರಲು ಬಿದ್ದು ಹುಡುಕಿದ್ರು ಅಂತ. ಅಂಥೋರ ಕೈಯಲ್ಲೇ ಇರಬೇಕು ಅಂದ್ರಿ. ಆದ್ರೆ ಈಗಲೇ ಕೊಡಲ್ಲ. ಆ ಮುಖದಲ್ಲಿ ಒಂದು ಸಲ ನಗು ನೋಡಬೇಕು. ನಕ್ಕ ದಿನ ಕೊಡ್ತೀನಿ."

ಅಷ್ಟು ಹೇಳಿ ಅವರು ಮತ್ತೆ ಕಣ್ಣು ಮುಚ್ಚಿದರು.

ದೊಡ್ಡಳಿಯ ಮೂಗಿನಿಂದ ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. ಆ ಸ್ಕ್ರೂ! ಅದನ್ನು ಅವನೇ ಮರೆತಿದ್ದ. ಇಷ್ಟೆಲ್ಲ ಮರೆವಿನ ನಡುವೆ ಈ ಹೆಂಗಸು ಅದೊಂದನ್ನು ಇಟ್ಟುಕೊಂಡಿದ್ದರು. ಹಾಗಿದ್ದರೆ ಇದು ತನ್ನದೇ! ಮೊದಲಿನಿಂದಲೂ ತನ್ನದೇ! ಓಡಿಹೋಗಿ ಹಜಾರದಲ್ಲಿ ಹೇಳಲೇ ಎಂದುಕೊಂಡ. ಹೇಳಿದರೆ ನಂಬುವವರು ಯಾರು? ಅತ್ತೆ ಹೇಳಿದ್ದು ಅತ್ತೆಗೇ ಇನ್ನೊಂದು ಗಳಿಗೆಗೆ ನೆನಪಿರುವುದಿಲ್ಲ, ನಿನ್ನೆ ಹಾಲಿನವನನ್ನು ತಮ್ಮ ಶಾಲೆಯ ಹೆಡ್‌ಮಾಸ್ತರು ಅಂದವರು ಅವರು. ಅವರ ಮಾತಿಗೆ ಬೆಲೆಯಿಲ್ಲ ಎಂದು ಅವನೇ ಅಲ್ಲವೇ ಲೆಕ್ಕ ಹಾಕಿದ್ದು? ಪರವಾಗಿಲ್ಲ, ತನ್ನದನ್ನು ತಾನು ತಗೊಂಡು ಹೋದರೆ ಅದು ಕಳ್ಳತನವೂ ಅಲ್ಲ. ಕಡ್ಡಿ ಮಡಿಸಿ ಒಳಜೇಬಿಗಿಳಿಸಿದ. ಡಬ್ಬಿಯನ್ನು ದಿಂಬಿನ ಕೆಳಗೇ ಸರಿಸಿದ. ಸಂಜೆಯೊಳಗೆ ಅತ್ತೆಯೇ ಅದನ್ನು ಎಲ್ಲಾದರೂ ತುರುಕಿರುತ್ತಾರೆ.

ಹಜಾರಕ್ಕೆ ಬಂದಾಗ ಹೆಂಡತಿ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. "ಏನ್ರೀ ಇದು, ನಗ್ತಿದೀರಾ?"

ಹೌದು, ನಗುತ್ತಿದ್ದ. ಬಾಯಿ ಕಿವಿಯವರೆಗೆ ಹೋಗಿತ್ತು, ತಡೆಯಲು ಆಗುತ್ತಿರಲಿಲ್ಲ. "ನೋಡ್ರೀ, ಭಾವ ನಗ್ತಿದಾರೆ!" ಎಂದು ನಾದಿನಿ ಗಂಡನನ್ನು ಕೂಗಿ ಕರೆದಳು. ಷಡ್ಡಕ ಸೋಪಿನ ಕೈಯಲ್ಲೇ ಓಡಿಬಂದು, "ಭಾವ, ಹಲ್ಲು ಬಹಳ ಚೆನ್ನಾಗಿದೆ ನಿಮ್ಮದು, ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ರಿ?" ಅಂದ. ದೊಡ್ಡಳಿಯನಿಗೆ ಅವನ ಮೇಲೂ ಪ್ರೀತಿ ಉಕ್ಕಿತು. "ಅಂಗಡಿಯಲ್ಲಿ ಸ್ವಲ್ಪ ಕೆಲಸ ಇದೆ, ಬರ್ತೀನಿ" ಎಂದು ಬಾಗಿಲಿಗೆ ಹೋಗಿ ಚಪ್ಪಲಿಗೆ ಕಾಲು ಹಾಕಿದ.

"ಕಳ್ಳರು! ಮನೆಗೆ ಕಳ್ಳರು ಬಂದಿದಾರೆ!"

ಅತ್ತೆ ಕೋಣೆಯ ಬಾಗಿಲಲ್ಲಿ ಕೋಲೂರಿ ನಿಂತಿದ್ದರು. ಒಂದು ಕೈಯಲ್ಲಿ ಖಾಲಿ ಡಬ್ಬಿ.

"ಇದೇನು, ಇಷ್ಟು ಬೇಗ?" ಎಂದು ನಾದಿನಿ ಗೋಡೆಯ ಗಡಿಯಾರ ನೋಡಿದಳು. ಆದರೆ ಪದ್ಧತಿ ಪದ್ಧತಿಯೇ. ಷಡ್ಡಕ ಮೊದಲು ನಿಂತು ಒದ್ದೆ ಕೈಯಲ್ಲೇ ಜೇಬೆಳೆದ. ಪಕ್ಕದಲ್ಲಿ ನಾದಿನಿ, ಅವಳ ಪಕ್ಕದಲ್ಲಿ ಪರ್ಸು ತಲೆಕೆಳಗು ಮಾಡಿ ಹೆಂಡತಿ. "ಬನ್ನಿ ಭಾವ, ನೀವೊಂದು ದಿನಾನೂ ಆಡಿಲ್ಲ" ಎಂದು ಷಡ್ಡಕ ಕರೆದ. "ಇವತ್ತು ಹೆಂಗೂ ನಗ್ತಿದೀರ, ಬನ್ರೀ" ಎಂದು ಹೆಂಡತಿ ಅವನ ತೋಳು ಹಿಡಿದು ಎಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ದೊಡ್ಡಳಿಯ ಧೈರ್ಯ ತಂದುಕೊಂಡ. ಸ್ಕ್ರೂಡ್ರೈವರು ಹಿಡಿದ ಕೈಯಲ್ಲೇ ಪ್ಯಾಂಟಿನ ಜೇಬು ಎರಡನ್ನೂ ಹೊರಗೆಳೆದು ನಾಲಿಗೆ ಮಾಡಿ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅತ್ತೆ ಜೇಬಿನ ಕಡೆ ನೋಡಲೇ ಇಲ್ಲ. ಸಂಜೆ ಮನೆಗೆ ಬಂದ ಗಂಡನ ಕೋಟಿಗೆ ಕೈ ಹಾಕಿ ಕನ್ನಡಕ ತೆಗೆದಿಡುವ ಅದೆಷ್ಟೋ ವರ್ಷದ ಅಭ್ಯಾಸದಿಂದ ಅವರ ಕೈ ನೇರವಾಗಿ ಒಳಜೇಬಿಗೆ ಹೋಯಿತು.

ಕನ್ನಡಕ ಹೊರಬಂತು. ನಗು ನಿಂತಿತು.

"ಅತ್ತೆಯೇ ಕೊಟ್ಟರು" ಅಂದ ದೊಡ್ಡಳಿಯ. ದನಿ ಅವನದಲ್ಲವೆಂಬಂತೆ ಬಂತು. "ನನಗೆ ಅಂತಾನೇ ಇಟ್ಟಿದ್ದಂತೆ. ಈಗ ಒಳಗೆ ಹೇಳಿದ್ರು. ಅಲ್ವಾ ಅತ್ತೆ?" ಅತ್ತೆ ಅವನನ್ನು ದಿಟ್ಟಿಸಿ ನೋಡಿ ಮಗಳ ಕಡೆ ತಿರುಗಿದರು. "ಯಾರೇ ಇವರು?" ಅಂದರು. ಷಡ್ಡಕನೇ, "ಕೊಟ್ಟಿರ್ತಾರೆ ಬಿಡಿ. ಕೊಟ್ಟಿದ್ದು ಮರೆತಿದಾರೆ ಪಾಪ. ನಮ್ಮಲ್ಲಿ ದಿನಾ ನಡೆಯೋದು ತಾನೇ?" ಅಂದ. ಹೆಂಡತಿ ಬಿಗಿಹಿಡಿದಿದ್ದ ಉಸಿರು ಬಿಟ್ಟಳು. "ಅದಕ್ಕೇನಾ ಅಷ್ಟು ನಗು? ಹೇಳೋದಲ್ವಾ, ಸರಿಯಾದೋರು ನೀವು!" ಎಂದು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಬದುಕಿದೆ ಎಂದುಕೊಂಡ ದೊಡ್ಡಳಿಯ. ಹೇಳಿದ್ದೂ ನಿಜವೇ ಆಗಿತ್ತಲ್ಲ.

ಅಷ್ಟರಲ್ಲಿ ಅಮ್ಮನ ಶಾಲು ತರಲು ಕೋಣೆಗೆ ಹೋಗಿದ್ದ ನಾದಿನಿ ಅಲ್ಲಿಂದಲೇ ಕೂಗಿದಳು. "ಅಯ್ಯೋ, ಅದಕ್ಕೇ ಅಮ್ಮ ಇಷ್ಟು ಬೇಗ ಕೂಗಿದ್ದು! ಈ ಪರದೆ ಎಳೆದೋರು ಯಾರು? ದೀಪಾನೂ ಆರಿಸಿದಾರೆ! ಕೋಣೆ ಕತ್ತಲಾದ್ರೆ ಅಮ್ಮನಿಗೆ ಆಗಲೇ ಸಂಜೆ, ಗಡಿಯಾರ ಏನಾದ್ರೂ ತೋರಿಸಲಿ. ಬೆಳಕು ಕಮ್ಮಿಯಾಗೋಕೆ ಬಿಡಬೇಡಿ ಅಂತ ನರ್ಸು ಬಡ್ಕೊಂಡ್ರಲ್ಲ, ಅದಕ್ಕೇ ಎರಡೆರಡು ಗಂಟು ಹಾಕಿಟ್ಟಿದ್ದೆ. ಗಂಟು ಬಿಚ್ಚಿ ಎಳೆದಿದಾರಲ್ಲಪ್ಪ!" ಪರದೆ ಸರ್ರನೆ ಸರಿಯಿತು. ಮಧ್ಯಾಹ್ನದ ಬಿಸಿಲು ಕೋಣೆಯಿಂದ ಹಜಾರದವರೆಗೆ ಬಂದು ಬಿತ್ತು. ಹೆಂಡತಿ ಅಮ್ಮನ ಕೈಯಲ್ಲಿದ್ದ ಕನ್ನಡಕ ನೋಡಿದಳು, ಗಂಡನ ಕೈಯಲ್ಲಿ ಇನ್ನೂ ಇದ್ದ ಪುಟ್ಟ ಸ್ಕ್ರೂಡ್ರೈವರು ನೋಡಿದಳು. ಅದರ ತುದಿಯಲ್ಲಿ ಪರದೆಯ ದಾರದ ಒಂದು ಎಳೆ ಸಿಕ್ಕಿಕೊಂಡಿತ್ತು. "ಒಳಗಿದ್ದೋರು ನೀವೊಬ್ಬರೇ ಅಲ್ವೇನ್ರೀ?" ಎಂದು ಮೆಲ್ಲಗೆ ಕೇಳಿ, ಹಿಡಿದಿದ್ದ ತೋಳು ಬಿಟ್ಟಳು.